ಸೋಂಕು ತಗಲದ ಬಸವನಹುಳುಗಳು

"ನನ್ನ ಬಸವನಹುಳುಗಳು ಹೀಗೆ ಸೋಲೋವಲ್ಲ ಸಾರ್. ಯಾರೋ ಏನೋ ಮಾಡಿದಾರೆ."

ಪ್ರಯೋಗಾಲಯದ ಮೇಡಂ ಹೀಗೆಂದಾಗ ಮಾವ ಮೊದಲು ಕುರ್ಚಿ ಹುಡುಕಿದರು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಜನ ಅವರನ್ನು ಬಿಟ್ಟಿರಲಿಲ್ಲ, ಮಂಡಿನೋವೂ ಬಿಟ್ಟಿರಲಿಲ್ಲ. ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ತಿರುಗುವುದು ಅಳಿಯನ ಪಾಲಿಗೆ ಬಂದಿತ್ತು.

ಮೇಡಂ ಬಿಡಿಸಿ ಹೇಳಿದರು. ಕುರಿಗಳ ಲಿವರ್ ಕೊರೆಯುವ ಹುಳು ಮೊದಲು ಬಸವನಹುಳುವಿನೊಳಗೆ ಬೆಳೆದು, ಆಮೇಲೆ ಹೊಂಡದ ನೀರು, ಹುಲ್ಲಿನಿಂದ ಕುರಿಯ ಹೊಟ್ಟೆ ಸೇರಬೇಕು. ಆ ಸೋಂಕೇ ತಗಲದ ತಳಿಯೊಂದನ್ನು ಅವರು ತಲೆ ನರೆಯುವವರೆಗೂ ಆರಿಸಿ ಆರಿಸಿ ಸಾಕಿದ್ದರು. ಹೋದ ವಾರ ಕೊನೆಯ ಪರೀಕ್ಷೆಗೆಂದು ತೊಟ್ಟಿಗೆ ಹುಳುವಿನ ಮರಿಗಳನ್ನು ಬಿಟ್ಟಿದ್ದರು. ಇವತ್ತು ನೋಡಿದರೆ ಬಸವನಹುಳುಗಳ ಮೈಯಿಂದ ಆ ಹುಳುವಿನ ಬಾಲ ಮೂಡಿದ ಮರಿಗಳು ಹೊರಬರುತ್ತಿದ್ದವು.

"ಒಳಗೆ ಹೋದದ್ದು ಬಾಲ ಮೂಡಿಸ್ಕೊಂಡು ಬರೋಕೆ ಎಷ್ಟು ಕಾಲ ಬೇಕಮ್ಮ?" ಎಂದು ಮಾವ ಕೇಳಿದರು.

"ತಿಂಗಳ ಮೇಲೇ..." ಮೇಡಂ ಅಲ್ಲೇ ತಡೆದರು. "ಅಳ್ತಾ ಕೂತವಳಿಗೆ ಅದು ಹೊಳೀಲೇ ಇಲ್ಲ."

ಕೋಣೆಯ ಬೀಗದ ಕೈ ಇನ್ನಿಬ್ಬರ ಬಳಿ ಇತ್ತು. ಒಬ್ಬರು, ಈ ಸಂಶೋಧನೆ ದಂಡ ಎನ್ನುತ್ತಿದ್ದ ನಿರ್ದೇಶಕರು. ಇನ್ನೊಬ್ಬಳು, ಮೇಡಂ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಚೂಟಿ ಎಂಬ ಹುಡುಗಿ. ಅಪ್ಪನ ಕುರಿಗಳು ಸಾಯುತ್ತಿವೆಯೆಂದು ಆಗಾಗ ರಜೆ ಹಾಕುತ್ತಿದ್ದಳು. ಅವತ್ತೂ ಅವಳ ಕಣ್ಣು ಕೆಂಪಾಗಿತ್ತು.

"ಈ ತೊಟ್ಟಿಗೆ ನೀರು ಹೇಗೆ ತುಂಬ್ತೀರಿ?" ಎಂದು ಮಾವ ನಿರ್ದೇಶಕರನ್ನು ಕೇಳಿದರು.

"ನಲ್ಲಿ ತಿರುಗಿಸಿ! ಇನ್ಹೇಗೆ?"

ಮೇಡಂ ಮುಖ ಕಿವುಚಿದರು. ನಲ್ಲಿನೀರನ್ನು ಹಾಗೇ ಬಿಟ್ಟರೆ ಅದರಲ್ಲಿರುವ ಕ್ಲೋರಿನ್‌ಗೆ ಬಸವನಹುಳುಗಳು ಸಾಯುತ್ತಿದ್ದವು.

ಮಾವ ಹೇಳಿದಂತೆ ಅಳಿಯ, ಆ ತಳಿಯದೇ ಹಳೆಯ ಚಿಪ್ಪೊಂದನ್ನು ತೊಟ್ಟಿಯ ಬಸವನಹುಳುವಿನ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದ. ಹಳೆಯದರ ತುದಿ ನುಣುಪಾಗಿತ್ತು. ತೊಟ್ಟಿಯದರ ತುದಿ ಸವೆದು, ಸಂದಿಯಲ್ಲಿ ಕೆಸರು ಕೂತಿತ್ತು.

ಮಧ್ಯಾಹ್ನ ಮಾವ ಎಲ್ಲರನ್ನೂ ತೊಟ್ಟಿಯ ಸುತ್ತ ಸೇರಿಸಿದರು. ದನಿಯಲ್ಲಿ ಗೆದ್ದ ಹುರುಪಿರಲಿಲ್ಲ.

"ಒಂದು ವಾರದಲ್ಲಿ ಬಾಲ ಮೂಡಲ್ಲ. ಅಂದ್ರೆ ಇವು ಮೊದಲೇ ಸೋಂಕು ಹೊತ್ತು ಬಂದವು. ಚಿಪ್ಪಿನ ಸವೆತ, ಕೆಸರು ನೋಡಿದ್ರೆ ಹೊರಗಿನ ಹೊಂಡದವು. ಮೇಡಂ ಸಾಕಿದವನ್ನ ತೆಗೆದು ಇವನ್ನ ತಂದು ಹಾಕಿದಾರೆ. ಕೆಡಿಸಬೇಕು ಅನ್ನೋರು ಇಷ್ಟು ಕಷ್ಟ ಪಡಲ್ಲ, ಇದ್ದವನ್ನೇ ಸಾಯಿಸ್ತಾರೆ. ಇದನ್ನ ಮಾಡಿದೋರಿಗೆ ಮೇಡಂ ಬಸವನಹುಳು ಜೀವಂತ ಬೇಕಿತ್ತು. ಹೊಸವೂ ಸಾಯದ ಹಾಗೆ ನೋಡ್ಕೊಂಡಿದಾರೆ. ನಿರ್ದೇಶಕರಾಗಿದ್ರೆ ನಲ್ಲಿ ತಿರುಗಿಸಿ ಅಷ್ಟನ್ನೂ ಕೊಂದಿರೋರು. ಸೋಂಕು ತಗಲದ ಬಸವನಹುಳು ಯಾರ ಮನೆ ಹೊಂಡಕ್ಕೆ ಬೇಕಿತ್ತು ಚೂಟಿ?"

ಚೂಟಿ ಗೋಡೆಗೆ ಒರಗಿದಳು. "ನಮ್ಮ ಹೊಂಡಕ್ಕೇ ಬಿಟ್ಟೆ. ಅಲ್ಲಿಂದಲೇ ಇವನ್ನ ತಂದೆ."

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದು ನಿರ್ದೇಶಕರು ಎದ್ದರು.

ಮೇಡಂ ಅವರತ್ತ ನೋಡಲೇ ಇಲ್ಲ. "ಕುರಿ ಉಳಿದ್ವಾ?"

"ಇಲ್ಲ ಅಕ್ಕ. ನಿನ್ನೆ ಕೂಡ ಒಂದು ಹೋಯ್ತು."

"ಹೊಟ್ಟೆ ಸೇರಿದ ಹುಳುವಿಗೆ ಬಸವನಹುಳು ಏನು ಮಾಡೀತೇ? ಔಷಧಿ ಬೇಕಿತ್ತು. ನನ್ನ ಕೇಳಬಾರದಿತ್ತಾ?"

"ಕೇಳಿದ್ದೆ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ ಅಂದ್ರಿ."

ಮೇಡಂ ಮೂಲೆಯಲ್ಲಿದ್ದ ಬಕೆಟ್ ತಂದು ಚೂಟಿಯ ಕೈಗಿಟ್ಟರು.

"ದೂರು ನಾಳೆ ಕೊಡ್ತೀನಿ, ಬಿಡಲ್ಲ. ಈಗ ನಡಿ, ಹೊಂಡ ತೋರ್ಸು. ನನ್ನ ಬಸವನಹುಳು ಸಿಕ್ಕಷ್ಟು ಆರಿಸೋಣ. ದಾರೀಲಿ ಪಶುವೈದ್ಯರನ್ನೂ ಕರ್ಕೊಂಡು ಹೋಗೋಣ."