ಅವನ ಸಹಿಯೂ ಬೇಕಂತೆ

ಬಂದವನು ಅವನೇ ಎಂದು ಸೌಜನ್ಯಳಿಗೆ ತಲೆ ಎತ್ತದೆಯೇ ಗೊತ್ತಾಯಿತು. ಒದ್ದೆ ಶೂ ಒರೆಸದೆ ನೇರ ಒಳಗೆ ನಡೆದು ಬರುವ ಮನುಷ್ಯ ಅವಳಿಗೆ ತಿಳಿದಂತೆ ಒಬ್ಬನೇ.

ತ್ರಿವಿಕ್ರಮ!

ಎರಡು ವರ್ಷದ ಮೇಲೆ ಗಂಡನ ಮುಖ ನೋಡುತ್ತಿದ್ದಳು. ಅದೂ ಎಲ್ಲಿ... ಬಾತೆಲ್ ಊರಿನಲ್ಲಿ, ಮನೆ ಕ್ರಯದ ಹಣ-ಕಾಗದ ನೋಡಿಕೊಳ್ಳುವ ಒಂದು ಎಸ್ಕ್ರೋ ಆಫೀಸಿನ ಗಾಜಿನ ಕೋಣೆಯಲ್ಲಿ, ತಾನು ಕೊಳ್ಳುವ ಮನೆಯ ಕಾಗದಗಳ ರಾಶಿಯ ಮುಂದೆ.

"ಹೇಗಿದೀರಾ?" ಎಂದ.

ಹೇಗಿದೀರಾ! ಒಂದೇ ತಟ್ಟೆಯಲ್ಲಿ ಊಟ ಮಾಡಿದವರ ನಡುವೆ ಈಗ ಇಷ್ಟೊಂದು ಮರ್ಯಾದೆ...

"ಚೆನ್ನಾಗಿದೀನಿ. ರೆಂಟನ್‌ನಿಂದ ಬರೋಕೆ ಟ್ರಾಫಿಕ್ ಇತ್ತಾ?"

"ಇತ್ತು. ಅಭ್ಯಾಸ ಆಗಿದೆ."

ಅಷ್ಟೇ.

ಅವನನ್ನು ಕರೆಸುವ ಯೋಚನೆ ಅವಳಿಗಿರಲಿಲ್ಲ. ಡುವಾಲ್‌ನ ಗುಡ್ಡದ ಮೇಲೆ ಒಂದು ಪುಟ್ಟ ಮನೆ ಮೆಚ್ಚಿದ್ದಳು. ಸಂಬಳ ಅವಳದು, ಸಾಲ ಅವಳದು. ಬ್ಯಾಂಕಿನವರು ಕೇಳಿದ ಪ್ರಶ್ನೆಗಳಿಗೆಲ್ಲ, ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಫಲಿತಾಂಶ ಬರೆಯುವಷ್ಟೇ ಎಚ್ಚರದಿಂದ ಉತ್ತರಿಸಿದ್ದಳು. ಮದುವೆಯಾಗಿದೆಯೇ? ಆಗಿದೆ. ಸುಳ್ಳು ಬರೆಯುವುದು ಹೇಗೆ?

ಮರುದಿನವೇ ಮನೆ ತೋರಿಸಿದ ಏಜೆಂಟ್, ಮೈಸೂರಿನ ಬಾನು, ಫೋನ್ ಮಾಡಿದ್ದಳು.

"ಏನೇ ಇದು! ಬೇರೆ ಇದೀನಿ ಅಂದೆ, ಡಿವೋರ್ಸ್ ಆಗಿಲ್ಲ ಅಂತ ಹೇಳ್ಲೇ ಇಲ್ವಲ್ಲ!"

"ಅದಕ್ಕೂ ಮನೆಗೂ ಏನು ಸಂಬಂಧ ಬಾನಕ್ಕ?"

"ಈ ವಾಷಿಂಗ್ಟನ್ ಸ್ಟೇಟಲ್ಲಿ ಗಂಡ ಹೆಂಡತಿ ಯಾರೇ ಕೊಂಡ್ರೂ ಅದು ಇಬ್ಬರದು ಅಂತ ಲೆಕ್ಕ ಕಣೆ. ನಿನ್ನೊಬ್ಬಳದೇ ಆಗ್ಬೇಕು ಅಂದ್ರೆ ಅವನು ಬಂದು 'ನನಗೆ ಇದ್ರಲ್ಲಿ ಹಕ್ಕಿಲ್ಲ' ಅಂತ ಸೈನ್ ಮಾಡ್ಬೇಕು. ಇಲ್ದಿದ್ರೆ ಲೋನ್ ನಿಂತೋಗುತ್ತೆ."

"ಅವನು ಬರದಿದ್ರೆ?"

"ಕೇಳು ಮೊದ್ಲು! ಕೇಳದೇನೇ ಬರಲ್ಲ ಅಂತ ನೀನೇ ತೀರ್ಮಾನ ಮಾಡಿದ್ರೆ ಹೆಂಗೆ?"

ಮೆಸೇಜ್ ಕಳಿಸಿದ್ದಳು. 'ಬರ್ತೀನಿ' ಎಂದು ಒಂದೇ ಪದ ಬಂದಿತ್ತು. ಆ ಪದವನ್ನು ಅವಳು ಎಷ್ಟು ಸಲ ನೋಡಿದಳೋ...

ಎಸ್ಕ್ರೋ ಆಫೀಸರ್ ಡೋನಾ, ನೆರೆತ ಕೂದಲಿನ ಹೆಂಗಸು, ಅವನ ಮುಂದೆ ಕಾಗದವಿಟ್ಟು ನಿಧಾನವಾಗಿ ವಿವರಿಸಿದಳು. ಇದಕ್ಕೆ ಸಹಿ ಹಾಕಿದರೆ ಆ ಮನೆ ಎಂದೆಂದಿಗೂ ನಿಮ್ಮ ಹೆಂಡತಿಯದು ಮಾತ್ರ. ನಿಮ್ಮ ಮೇಲೆ ಯಾರ ಒತ್ತಡವೂ ಇಲ್ಲ ತಾನೇ?

"ಇಲ್ಲ," ಎಂದ. ಆಮೇಲೆ ಸೌಜನ್ಯಳ ಕಡೆ ತಿರುಗಿದ. "ನೆರೆ ಬಂದಾಗ ಡುವಾಲ್ ಗುಡ್ಡದ ಕೆಳಗಿನ ಕಣಿವೆ ರಸ್ತೆ ಮುಚ್ಚುತ್ತೆ. ಗೊತ್ತಲ್ವಾ?"

"ಗೊತ್ತು. ಮನೆ ಮೇಲ್ಗಡೆ ಇದೆ."

"ಒಬ್ಬರೇ ಇರೋದು... ಅದಕ್ಕೆ ಕೇಳಿದೆ."

'ಒಬ್ಬಳೇ ಆಗಿದ್ದು ಯಾರಿಂದ?' ಎಂದು ಕೇಳಬೇಕೆನಿಸಿತು. ತನ್ನ ಕಾಗದಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎರಡು ವರ್ಷದ ಹಿಂದೆ ಇಂಥದೇ ಇನ್ನೊಂದು ಆಫೀಸಿನ ಹೊರಗೆ, ಕಾರಿನಲ್ಲಿ ಕೂತು, ಅವನು ಹೇಳಿದ್ದ, "ಆ ಮಿಲ್ ಕ್ರೀಕ್ ಮನೆ ನನಗೆ ಬೇಡ." ಒಳಗೆ ಇಬ್ಬರ ಸಹಿಗೂ ಕಾಗದ ಸಿದ್ಧವಾಗಿತ್ತು. "ಮನೆ ಬೇಡವೋ, ನಾನು ಬೇಡವೋ?" ಎಂದು ಕೇಳಿದ್ದಳು. ಅವನು ಸ್ಟಿಯರಿಂಗ್ ನೋಡುತ್ತ ಸುಮ್ಮನೆ ಕೂತಿದ್ದ. ಆ ಮೌನವೇ ಉತ್ತರ ಎಂದುಕೊಂಡು ಅದೇ ವಾರ ಇಬ್ಬರೂ ಇದ್ದ ಬಾಡಿಗೆ ಮನೆ ಬಿಟ್ಟಿದ್ದಳು.

ಈಗ ಅವನು ಪೆನ್ ತೆಗೆದುಕೊಂಡ. ಡೋನಾ ಅಷ್ಟರಲ್ಲಿ ಸೌಜನ್ಯಳನ್ನು ಕೇಳಿದಳು, "ಸಾಲಕ್ಕೆ ಅರ್ಜಿ ಹಾಕಿದ ಮೇಲೆ ನಿಮ್ಮ ಕೆಲಸದಲ್ಲಿ ಏನಾದರೂ ಬದಲಾವಣೆ ಆಗಿದೆಯೇ? ಇವತ್ತು ಬೆಳಿಗ್ಗೆಯೂ ಬ್ಯಾಂಕಿನವರು ನಿಮ್ಮ ಕಂಪನಿಗೆ ಫೋನ್ ಮಾಡಿ ವಿಚಾರಿಸಿದ್ದಾರೆ. ಎಲ್ಲರಿಗೂ ಕೇಳುವ ಪ್ರಶ್ನೆ ಇದು."

"ಇಲ್ಲ, ಅದೇ ಕೆಲಸ," ಎಂದಳು.

ತ್ರಿವಿಕ್ರಮನ ಪೆನ್ ನಿಂತೇ ಹೋಯಿತು. ಅವನ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಗಬಕ್ಕನೆ ಸಹಿ ಹಾಕಿ ಎದ್ದು ಹೊರಗೆ ನಡೆದ.

ಅವಳ ಸಹಿಗಳೆಲ್ಲ ಮುಗಿಯುವ ಹೊತ್ತಿಗೆ ಹೊರಟುಹೋಗಿರುತ್ತಾನೆ ಎಂದುಕೊಂಡಿದ್ದಳು. ಇಲ್ಲ, ಪಾರ್ಕಿಂಗ್‌ನಲ್ಲಿ ಕಾರಿಗೆ ಒರಗಿ ಜಿನುಗು ಮಳೆಯಲ್ಲಿ ನಿಂತಿದ್ದ.

"ಆ ಪ್ರಶ್ನೆ ಕೇಳಿದಾಗ ಯಾಕೆ ಹಾಗಾದ್ರಿ?" ಅವಳೇ ಕೇಳಿದಳು.

"ಅವತ್ತು ನನ್ನನ್ನೂ ಕೇಳ್ತಿದ್ರು, ಸೌಜು."

ಸೌಜು... ಎಷ್ಟು ಕಾಲವಾಗಿತ್ತು ಆ ಹೆಸರು ಕೇಳಿ!

"ಏನು?"

"ಕೆಲಸ ಬದಲಾಗಿದ್ಯಾ ಅಂತ. ಸೈನ್ ಮಾಡೋ ಹಿಂದಿನ ದಿನ ಮಧ್ಯಾಹ್ನ ನನ್ನ ಕೆಲಸ ಹೋಗಿತ್ತು. ಒಳಗೆ ಹೋಗಿದ್ರೆ ಒಂದೋ ಸುಳ್ಳು ಹೇಳ್ಬೇಕು, ಇಲ್ಲಾ ನಿನ್ನ ಮುಂದೇನೇ ಕೆಲಸ ಇಲ್ಲ ಅನ್ಬೇಕು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ಹೇಳ್ಬಹುದಿತ್ತಲ್ಲೋ!"

"ನೀನು ಆ ಮನೆ ಕಿಟಕಿಗಳಿಗೆ ಕರ್ಟನ್ ಅಳತೆ ತಗೊಂಡು ಬಂದಿದ್ದೆ. ರಾತ್ರಿಯೆಲ್ಲ ಬಣ್ಣ ಆರಿಸ್ತಿದ್ದೆ. ಬಾಯಿ ಬರ್ಲಿಲ್ಲ. ಮನೆ ಇಷ್ಟ ಇಲ್ಲ ಅನ್ನೋದು ಸುಲಭ ಅನ್ನಿಸ್ತು. ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಅಷ್ಟೊತ್ತಿಗೆ ನೀನು ಫೋನ್ ಎತ್ತೋದೇ ಬಿಟ್ಟಿದ್ದೆ."

"ಹಾಗಾದ್ರೆ ಅವತ್ತು ನಾನು ಕೇಳಿದ್ದಕ್ಕೆ..."

"ಉತ್ತರ ಗೊತ್ತಿತ್ತು. ಹೇಳೋ ಯೋಗ್ಯತೆ ಇಲ್ಲ ಅನ್ನಿಸ್ತು." ಕಾರಿನ ಬಾಗಿಲು ತೆಗೆದ. "ಹೊಸ ಮನೇಲಿ ಚೆನ್ನಾಗಿರು."

ಅವಳು ತಡೆಯಲಿಲ್ಲ. ಕೋಪವೋ ಅಳುವೋ, ಯಾವುದು ಮೊದಲು ಬರಬೇಕು ಎಂದು ಅವಳಿಗೇ ತಿಳಿಯಲಿಲ್ಲ.

ಸಹಿಯಾದ ಮಾತ್ರಕ್ಕೆ ಕೀ ಕೈಗೆ ಬರುವುದಿಲ್ಲ. ಬ್ಯಾಂಕ್ ಹಣ ಕಳಿಸಬೇಕು, ಕೌಂಟಿಯ ನೋಂದಣಿ ಕಚೇರಿಯಲ್ಲಿ ದಾಖಲಾಗಬೇಕು. ಆ ನಡುವಿನ ದಿನಗಳಲ್ಲಿ ಅವಳ ಬಾಡಿಗೆ ಮನೆ ಪೆಟ್ಟಿಗೆಗಳಿಂದ ತುಂಬಿಹೋಗಿತ್ತು. ಅನ್ನಕ್ಕೆಂದು ಹೊರಗಿಟ್ಟುಕೊಂಡಿದ್ದು ಒಂದು ಪಾತ್ರೆ, ಒಂದು ತಟ್ಟೆ, ಒಂದು ಚಮಚ. ಉಂಡ ಮೇಲೆ ತೊಳೆಯಲು ಅಷ್ಟೇ ಇರುತ್ತಿತ್ತು. ಆ ಒಂದು ತಟ್ಟೆ ತೊಳೆಯುತ್ತ ಅವಳಿಗೆ ಅಳು ಬಂದುಬಿಟ್ಟಿತು.

ಲ್ಯಾಬಿನಲ್ಲಿ ಒಂದೇ ಸಲ ಬಂದ ಫಲಿತಾಂಶವನ್ನು ಅವಳು ಎಂದೂ ನಂಬಿದವಳಲ್ಲ. ಮತ್ತೆ ಮಾಡಿ ನೋಡಬೇಕು, ಬೇರೆ ರೀತಿಯಲ್ಲಿ ಮಾಡಿ ನೋಡಬೇಕು. ಆದರೆ ಅವನ ಮೌನವನ್ನು ಒಂದೇ ಸಲಕ್ಕೆ ನಂಬಿಬಿಟ್ಟಿದ್ದಳಲ್ಲ! 'ಇನ್ನೊಂದು ಸಲ ಯಾಕೆ ಕೇಳಲಿಲ್ಲ ನಾನು?'

ಶುಕ್ರವಾರ ಬಾನುವಿನ ಫೋನ್ ಬಂತು. "ರೆಕಾರ್ಡ್ ಆಯ್ತು ಕಣೆ! ಮುಬಾರಕ್! ಬಾ, ಕೀ ತಗೋ."

ಡುವಾಲ್‌ನ ಮನೆಯೊಳಗೆ ಇಬ್ಬರೂ ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಕೆಳಗೆ ಕಣಿವೆಯ ತುಂಬ ಮಂಜು.

"ನಿಮ್ಮಲ್ಲಿ ಹಾಲು ಉಕ್ಕಿಸ್ತೀರಲ್ಲ," ಎಂದಳು ಬಾನು. "ಒಬ್ಬಳೇ ಉಕ್ಕಿಸ್ಕೊಂಡು ಒಬ್ಬಳೇ ಕುಡೀಬೇಡ. ಯಾರನ್ನಾದ್ರೂ ಕರಿ."

"ನೀವೇ ಇರಿ ಬಾನಕ್ಕ."

"ನಂಗೆ ಇನ್ನೊಂದು ಮನೆ ತೋರ್ಸೋದಿದೆ." ಬಾಗಿಲ ಹತ್ತಿರ ತಿರುಗಿ ನಕ್ಕಳು. "ಅದಿಲ್ದಿದ್ರೂ ಇರ್ತಿರ್ಲಿಲ್ಲ ಅನ್ನು!"

ಕಾರು ಹೋದ ಸದ್ದು ಕರಗಿತು. ಸೌಜನ್ಯ ಖಾಲಿ ಹಾಲ್‌ನ ನಡುವೆ ನಿಂತು ಫೋನ್ ತೆಗೆದಳು. ಒಂದು ರಿಂಗ್... ಎರಡು... ಎತ್ತದಿದ್ದರೆ? ಅವಳೂ ಎಷ್ಟು ಸಲ ಎತ್ತಿರಲಿಲ್ಲ!

"ಸೌಜು?"

"ಅವತ್ತು ಕಾರಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಮತ್ತೆ ಕೇಳ್ತಿದೀನಿ. ಮನೆ ಬೇಡವಾಗಿತ್ತೋ, ನಾನು ಬೇಡವಾಗಿದ್ನೋ?"

ಆ ಕಡೆ ಮೌನ. ಈ ಸಲ ಅವಳು ಫೋನ್ ಇಡಲಿಲ್ಲ. ಕಾದಳು.

"ನೀನೊಬ್ಬಳೇ ಬೇಕಾಗಿತ್ತು," ಎಂದ. "ಈಗಲೂ..."

ಅವಳ ಕಣ್ಣು ತುಂಬಿತು. "ಹಾಗಾದ್ರೆ ಬರ್ತಾ ಹಾಲು ತಗೊಂಡು ಬಾ."

"ಎಷ್ಟು?"

"ಉಕ್ಕೋವಷ್ಟು!"

ಅವನು ಬರುವ ಹೊತ್ತಿಗೆ ಕಣಿವೆಯ ಮಂಜು ಹರಿದು ಹೊಲಗಳು ಕಾಣತೊಡಗಿದ್ದವು. ಹಾಲಿನ ಕ್ಯಾನ್ ಎದೆಗವಚಿಕೊಂಡು ಹೊಸ್ತಿಲ ಆಚೆಯೇ ನಿಂತ. ಒಳಗೆ ಕಾಲಿಡಲಿಲ್ಲ.

"ಈ ಮನೇಲಿ ನನಗೇನೂ ಹಕ್ಕಿಲ್ಲ ಅಂತ ಸೈನ್ ಮಾಡಿದೀನಿ. ಬರ್ಬಹುದಾ?"

"ಮೊದ್ಲು ಶೂ ಬಿಚ್ಚು."

ಅವನು ಬಗ್ಗಿದ. ಒದ್ದೆ ಲೇಸಿನ ಗಂಟು ಒಂದೇ ಕೈಗೆ ಸಡಿಲವಾಗಲಿಲ್ಲ. ಅವಳು ಕೆಳಗೆ ಕೂತು ತಾನೇ ಬಿಚ್ಚಿಕೊಟ್ಟಳು.

ಒದ್ದೆ ಶೂ ಕೈಯಲ್ಲಿ ಹಿಡಿದು ಸುತ್ತ ನೋಡಿದ. "ಎಲ್ಲಿಡಲಿ?"

"ನನ್ನದರ ಪಕ್ಕ."