ಶಾಲು ತೆಗೆದ ಮೇಲೆ

ಒಳಗೆ ಹೋಗಿ ತಪ್ಪಾಯಿತು ಅನ್ನಬೇಕೋ, ಅಥವಾ ನಾನು ಮಾಡಿದ ತಪ್ಪೇನು ಎಂದು ಕೇಳಬೇಕೋ? ಕೇಳಿದರೆ ಅವಳು ಹೇಳಿಯೇ ಬಿಡುತ್ತಾಳೆ, ಅದೇ ಭಯ. ಪಾಠ ಚೆನ್ನಾಗಿಯೇ ಆಯಿತಲ್ಲ, ಹುಡುಗರು ಉಸಿರು ಬಿಗಿಹಿಡಿದು ನೋಡಿದರಲ್ಲ, ಮತ್ತೇಕೆ ಎದೆಯ ಮೇಲೆ ಈ ಕಲ್ಲು? ಮುಚ್ಚಿದ ಬಾಗಿಲ ಮುಂದೆ ನಿಂತು ಅವನು ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಿದ್ದ. ಒಳಗೆ ನಲ್ಲಿಯ ಸದ್ದು. ಅವಳು ಮುಖ ತೊಳೆಯುತ್ತಿದ್ದಳು. ಬಹಳ ಹೊತ್ತಿನಿಂದ ತೊಳೆಯುತ್ತಲೇ ಇದ್ದಳು.

ಅವನು ಹೆರಿಗೆ ಆಸ್ಪತ್ರೆಯ ಡಾಕ್ಟರ್. ಹೆಣ್ಣುಮಕ್ಕಳ ಕಾಯಿಲೆ ಕಷ್ಟಗಳನ್ನು ಅವರ ಮನಸ್ಸು ನೋಯದಂತೆ ಕೇಳಿ ತಿಳಿಯುವುದು ಹೇಗೆ ಎಂದು ಮೆಡಿಕಲ್ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸವೂ ಅವನದೇ. ಅವಳು ನಾಟಕದ ನಟಿ. ವಾರಕ್ಕೊಮ್ಮೆ ಆ ಕ್ಲಾಸಿಗೆ ಬಂದು ರೋಗಿಯಾಗುತ್ತಿದ್ದಳು. ಮಾಸಿದ ಕಂದು ಶಾಲು ಹೊದ್ದು ಮಂಚದ ಮೇಲೆ ಕೂತರೆ ಮುಗಿಯಿತು. ಒಂದು ವಾರ ಮಕ್ಕಳಾಗದ ಸೊಸೆ, ಇನ್ನೊಂದು ವಾರ ಮದುವೆಗೆ ಮೊದಲೇ ಬಸಿರಾಗಿ ಅಮ್ಮನ ಪಕ್ಕದಲ್ಲಿ ತಲೆ ತಗ್ಗಿಸಿದ ಹುಡುಗಿ.

ಶಾಲು ತೆಗೆದ ಮೇಲೆ ಪಾಠ ಹೇಳುವವಳು ಅವಳೇ.

"ಪ್ರಶ್ನೆ ಎಲ್ಲಾ ನಮ್ಮಮ್ಮನಿಗೇ ಕೇಳಿದೆಯಲ್ಲಪ್ಪ. ಬಸಿರು ಅವರದ್ದಾ?"

ಕ್ಲಾಸು ಗೊಳ್ಳೆನ್ನುತ್ತಿತ್ತು. ಕೇಳಿಸಿಕೊಂಡ ಹುಡುಗ ಕಿವಿಯವರೆಗೂ ಕೆಂಪಾಗುತ್ತಿದ್ದ. ಹಿಂದಿನ ಗೋಡೆಗೆ ಒರಗಿ ನಿಂತ ಡಾಕ್ಟರ್ ನಕ್ಕನೋ ಇಲ್ಲವೋ ಎಂದು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನಗದಿದ್ದರೆ ಹುಬ್ಬು ಏರಿಸುತ್ತಿದ್ದಳು, ನಕ್ಕರೆ ತಾನೇನೂ ನೋಡಿಲ್ಲವೆಂಬಂತೆ ಶಾಲು ಮಡಚುತ್ತಿದ್ದಳು. ಆ ಮಡಚುವ ಕೈಗಳನ್ನು ಅವನು ವಾರವಿಡೀ ನೆನೆಯುತ್ತಿದ್ದ. ಅವಳು ಅವನನ್ನು "ಮೇಷ್ಟ್ರೇ" ಎಂದು ಕರೆಯುತ್ತಿದ್ದಳು, ಅರ್ಧ ಗೌರವ, ಅರ್ಧ ಕೀಟಲೆ.

ವಿಷಯ ಅವನ ಅಕ್ಕನಿಗೆ ಹೇಗೋ ವಾಸನೆ ಹತ್ತಿತ್ತು. ಫೋನು ಮಾಡಿದಾಗಲೆಲ್ಲ ಅದೇ ರಾಗ. ನೀನೂ ನಮ್ಮ ಅಪ್ಪನ ಹಾಗೇ ಕಣೋ, ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತಾ, ಅವಳಿಗೇನು ಕನಸು ಬೀಳಬೇಕಾ? ಅವನು ಹೂಂ ಅನ್ನುತ್ತಿದ್ದ.

ಹಿಂದಿನ ವಾರ ಕ್ಯಾಂಟೀನಿನಲ್ಲಿ, ಟೀ ಆರುತ್ತಿರುವಾಗ, ಯಾರೂ ಕೇಳದೆ ಅವಳೇ ಹೇಳಿದ್ದಳು. ಒಮ್ಮೆ ಮದುವೆಯಾಗಿತ್ತಂತೆ. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲವಂತೆ. ಅದನ್ನು ಡಾಕ್ಟರು ಹೇಳಿದ್ದು ಅವಳಿಗಲ್ಲ, ಪರದೆಯ ಆಚೆ ನಿಂತ ಗಂಡನಿಗೆ. ಮಂಚದ ಮೇಲೆ ಮಲಗಿದ್ದವಳಿಗೆ ಪರದೆಯ ಕೆಳಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಜೊತೆ ಎಡಕ್ಕೆ ಹೋಯಿತು, ಇನ್ನೊಂದು ಬಲಕ್ಕೆ. ಒಳಗೆ ಯಾರೂ ಬರಲಿಲ್ಲ.

ಇದನ್ನು ಹೇಳಿ ಅವಳು ಅವನ ಮುಖ ನೋಡಿದಳು. ಅವನು ಟೀ ಲೋಟ ನೋಡಿದ. ಕೊನೆಗೆ, ವಾರ್ಡಿಗೆ ಹೊತ್ತಾಯಿತು ಎಂದು ಎದ್ದ.

ಅಂದಿನಿಂದ ಒಂದೇ ಧ್ಯಾನ, ಏನು ಹೇಳಬೇಕಿತ್ತು ಎಂದು. ಸ್ನಾನ ಮಾಡುವಾಗ, ಮೆಟ್ಟಿಲು ಇಳಿಯುವಾಗ, ಬೇರೆಯವರ ಹೆರಿಗೆ ಮಾಡಿಸಿ ಕೈ ತೊಳೆಯುವಾಗ ಆ ಮಾತನ್ನು ತಿದ್ದಿದ, ತೀಡಿದ.

ಮತ್ತು ಇಂದು, ಕ್ಲಾಸಿನಲ್ಲಿ, ಅವಳು ಬಸಿರು ಕಳೆದುಕೊಂಡ ಹೆಂಗಸು. ಇಂದಿನ ರೋಗಿಯನ್ನು ಆರಿಸಿದವನು ಅವನೇ. ಡಾಕ್ಟರ ಪಾತ್ರಕ್ಕೆ ನಿಂತ ಹುಡುಗ, ಗಂಡನ ಪಾತ್ರ ಮಾಡುತ್ತಿದ್ದ ಗೆಳೆಯನನ್ನು ಪರದೆಯಾಚೆ ಕರೆದು ಪಿಸುಗುಟ್ಟಿದ. ಗೋಡೆಗೆ ಒರಗಿ ನೋಡುತ್ತಿದ್ದ ಅವನ ಮೈ ಉರಿದುಹೋಯಿತು. ಆ ಹುಡುಗನ ಮೇಲೋ, ಎಂದೂ ನೋಡದ ಅವಳ ಆ ಡಾಕ್ಟರ ಮೇಲೋ, ಲೋಟ ನೋಡುತ್ತಾ ಕೂತ ತನ್ನ ಮೇಲೋ ಗೊತ್ತಾಗಲಿಲ್ಲ. ನೀನು ಇರು, ನಾನು ತೋರಿಸುತ್ತೇನೆ ಎಂದು ಹುಡುಗನನ್ನು ಸರಿಸಿ, ಪರದೆ ದಾಟಿ ಒಳಗೆ ಹೋದ. ಅವಳಿಗಿಂತ ತಗ್ಗಾದ ಸ್ಟೂಲಿನ ಮೇಲೆ ಕೂತ.

"ಪರದೆ ಕೆಳಗೆ ಅವರ ಕಾಲು ಕಾಣ್ತಿತ್ತು, ಅಲ್ವಾ? ಆಮೇಲೆ ಹೊರಟುಹೋದರು. ಆಗ ನಿಮ್ಮ ಹತ್ತಿರ ಯಾರೂ ಬರಲಿಲ್ಲ. ಈಗ ನಾನು ಇಲ್ಲೇ ಕೂತಿರ್ತೀನಿ. ಮಾತಾಡಬೇಕು ಅನ್ನಿಸಿದರೆ ಮಾತಾಡಿ. ಇಲ್ಲದಿದ್ದರೂ ಕೂತಿರ್ತೀನಿ."

ಅವಳ ಬೆರಳು ಶಾಲಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಪಾತ್ರ ಬಿಡಲಿಲ್ಲ. ಕಣ್ಣೀರು ಮಾತ್ರ ಯಾವ ಪಾತ್ರದ ಅಪ್ಪಣೆಗೂ ಕಾಯದೆ ಇಳಿಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಇಂದು ಅವಳು ಯಾರಿಗೂ ಏನೂ ಹೇಳದೆ, ಶಾಲು ಹೊದ್ದುಕೊಂಡೇ ಎದ್ದು ಹೋದಳು.

ಈಗ ನಲ್ಲಿ ನಿಂತಿತು. ಬಾಗಿಲು ತೆರೆಯಿತು.

"ಚಪ್ಪಾಳೆ ಜೋರಾಗೇ ಬಿತ್ತಲ್ಲ, ಡಾಕ್ಟ್ರೇ," ಎಂದಳು.

ಮೇಷ್ಟ್ರೇ ಅಲ್ಲ. ಹುಡುಗರಿಗೆ ಅರ್ಥವಾಗಲಿ ಎಂದು ಹಾಗೆ ಮಾಡಿದೆ ಎಂದು ಅವನು ತೊದಲಿದ.

"ಸೆರಗು ಸರಿಸೋಕೆ ಮುಂಚೆ ಕೇಳಬೇಕು ಅಂತ ವರ್ಷವಿಡೀ ಬಾಯಿ ಬಡ್ಕೋತೀರಿ. ನನ್ನದನ್ನ ಅಷ್ಟು ಜನರ ಮುಂದೆ ಬಿಚ್ಚಿಟ್ರಲ್ಲ, ನನ್ನ ಕೇಳಿದ್ರಾ?"

"ಅದು ನಿಮ್ಮದು ಅಂತ ಅವರಿಗೆ ಗೊತ್ತಿಲ್ಲ."

"ನನಗೆ ಗೊತ್ತಲ್ಲ."

ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅದನ್ನಾದರೂ ಬಿಡಬಹುದು. ಅವತ್ತು ನಾನು ಹೇಳಿದಾಗ ಲೋಟ ನೋಡ್ತಾ ಕೂತ್ರಿ. ಇವರ ಹತ್ತಿರ ಯಾಕಾದರೂ ಹೇಳಿದೆನೋ ಅಂತ ಅವತ್ತಿಂದ ನನ್ನನ್ನೇ ಬೈಕೊಂಡೆ. ಮಾತು ಬರದ ಮನುಷ್ಯ ಅಂತ ಸಮಾಧಾನನೂ ಮಾಡ್ಕೊಂಡೆ. ಬರುತ್ತೆ ನಿಮಗೆ. ಬಿಳಿ ಕೋಟು ಹಾಕ್ಕೊಂಡು, ಜನ ಸೇರಿಸಿದರೆ ಬರುತ್ತೆ. ಎಷ್ಟು ಒಳ್ಳೆ ಮಾತು. ನನಗಲ್ಲ, ಶಾಲಿಗೆ ಹೇಳಿದ್ರಿ."

ಅವನಿಗೂ ಸಿಟ್ಟು ನೆತ್ತಿಗೇರಿತು. ಯಾರ ಮುಂದೆ ಬೇಕಾದರೂ ಏನು ಬೇಕಾದರೂ ಹೇಳುವುದು ನಟಿಯಾದ ನಿಮಗೆ ಸುಲಭ, ಎಲ್ಲರಿಗೂ ಅಲ್ಲ ಎಂದುಬಿಟ್ಟ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಅವಳು ಶಾಲನ್ನು ತೆಗೆದು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದಳು. ಗೋಡೆ ಬದಿಯ ಬೆಂಚಿನ ಒಂದು ತುದಿಯಲ್ಲಿ ಕೂತು, ಪಕ್ಕದ ಜಾಗದ ಮೇಲೆ ಅಂಗೈ ಇಟ್ಟಳು.

"ಈಗ ಶಾಲಿಲ್ಲ, ಹುಡುಗರಿಲ್ಲ. ಕೂತ್ಕೊಂಡು ಹೇಳಿ."

ತೊಳೆದ ಮುಖದಲ್ಲಿ ಕೂದಲೆಳೆಯೊಂದು ಹಣೆಗೆ ಅಂಟಿತ್ತು. ಅವನು ಕೋಟಿನ ಒಂದು ತೋಳು ಬಿಚ್ಚಿದ. ಇನ್ನೊಂದರಲ್ಲಿ ಕೈ ಸಿಕ್ಕಿಹಾಕಿಕೊಂಡಂತೆ ಹಾಗೇ ನಿಂತ. ಅವಳು ಕಾದಳು. ಕಾರಿಡಾರಿನಲ್ಲಿ ಯಾರದೋ ಸ್ಟ್ರೆಚರು ಗಡಗಡ ಎಂದು ಬಂದು, ದಾಟಿ, ದೂರವಾಯಿತು. ಅವಳು ಇನ್ನೂ ಕಾದಳು.

"ಮುಂದಿನ ವಾರ," ಎಂದ ಅವನು, "ಬರ್ತೀರಾ?"

ಅವಳ ಕಣ್ಣಿನ ಸಿಟ್ಟು ಆರಿತು. ಅದು ಉರಿಯುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಬರ್ತೀನಿ. ಹುಡುಗರದ್ದೇನು ತಪ್ಪು?"

ಎದ್ದು ಬಂದು, ಜೋತಾಡುತ್ತಿದ್ದ ಕೋಟಿನ ತೋಳನ್ನು ಅವನ ಹೆಗಲಿಗೆ ಏರಿಸಿ, ಕಾಲರು ನೇರ ಮಾಡಿ, ಹೊರಟಳು.

ಹುಡುಗರ ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ಅವಳು ಬಂದಳು. ಶಾಲು ಹೊದ್ದಳು, ತೆಗೆದಳು, ಅವನನ್ನು ಡಾಕ್ಟ್ರೇ ಎಂದೇ ಕರೆದಳು. ಆಮೇಲೆ ಆ ಕೆಲಸಕ್ಕೆ ಬೇರೆ ನಟಿ ಬಂದರು. ಅಂದು ಕ್ಲಾಸಿನಲ್ಲಿ ಆಡಿದ ಆ ಮಾತನ್ನು ವಾರವಿಡೀ ಕೂಡಿಸಿದ್ದು ಅವಳಿಗಾಗಿಯೇ ಎಂದು, ತಾನು ಅವಳನ್ನು ಪ್ರೀತಿಸುತ್ತೇನೆ ಎಂದು, ಅವನು ಅವಳಿಗೆ ಎಂದೂ ಹೇಳಲಿಲ್ಲ.