ಎದುರು ಕುರ್ಚಿಯ ಕಣ್ಣು

"ಆ ಏಪ್ರನ್ ಮುಟ್ಟಬೇಡಿ!"

ತನ್ನ ದನಿಗೆ ತಾನೇ ಬೆಚ್ಚಿದಳು ಅವಳು.

ಮೊಳೆಯತ್ತ ಚಾಚಿದ್ದ ಹೊಸಬನ ಕೈ ಅರ್ಧದಲ್ಲೇ ನಿಂತಿತು. ಅವನು ತಿರುಗಿ ನೋಡಿದ. ಕಂದು ಕಣ್ಣು, ಅದರ ಅಂಚಿಗೆ ಹಸಿರಿಗೆ ತಿರುಗಿದ ಒಂದು ಕಪ್ಪು ಉಂಗುರ. ಇಂಥ ಬಣ್ಣ ಬೆರೆಸುವುದು ಕಷ್ಟ ಎಂದುಕೊಂಡಳು. ಅವಳ ವೃತ್ತಿಯೇ ಅಂಥದ್ದು, ಯಾರನ್ನು ಕಂಡರೂ ಮೊದಲು ಕಣ್ಣಿನ ಬಣ್ಣ ಅಳೆಯುವುದು.

"ಯಾರದ್ದು ಇದು?"

"ನಿಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂರುತ್ತಿದ್ದವರದ್ದು."

"ವಾಪಸ್ ಬರ್ತಾರಾ?"

ಅವಳು ತನ್ನ ಕುಂಚದತ್ತ ತಿರುಗಿದಳು. ಆ ಮನುಷ್ಯ ಬರುವುದಿಲ್ಲ. ಅವನು ಮಾಡಿದ ಒಂದು ಕೃತಕ ಕಣ್ಣು ಸೀಳು ಬಿಟ್ಟಿತೆಂದು ಮಾಲೀಕ ಅವನ ಕಡತದಲ್ಲಿ 'ಕೆಲಸದಲ್ಲಿ ದೋಷ' ಎಂದು ಬರೆದಿದ್ದ. ಕಡತದಲ್ಲಿ ಆ ಎರಡು ಪದ ಬಿದ್ದವರಿಗೆ ಮತ್ತೆ ಯಾವ ದೇಶದ ವೀಸಾವೂ ಸಿಗುವುದಿಲ್ಲ. ಅವನು ಹೋದ ಮೇಲೆ ಒಂದು ಫೋನೂ ಬಂದಿರಲಿಲ್ಲ.

ಅದು ಕೃತಕ ಕಣ್ಣು ತಯಾರಿಸುವ ಸಣ್ಣ ಕಾರ್ಯಾಗಾರ. ಕಣ್ಣು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಕಣ್ಣಿನ ಗುಳಿಗೆ ಮೆತ್ತನೆಯ ಲೇಪ ತುಂಬಿ ಅಚ್ಚು ತೆಗೆಯುವುದು, ಕೊನೆಗೆ ಪಾರದರ್ಶಕ ಪದರ ಹಾಕಿ ಬೇಯಿಸಿ ಹೊಳಪು ಕೊಡುವುದು ಹೊಸಬನ ಕೆಲಸ. ನಡುವೆ ಬಣ್ಣ ಬರೆಯುವುದು ಅವಳದ್ದು. ಊರಿನಿಂದ ಕಡಲು ದಾಟಿ ಬಂದ ಇಬ್ಬರೂ ಇಲ್ಲಿ ಹೆಸರು ಕಳೆದುಕೊಂಡು ಅಚ್ಚಿನವನು, ಬಣ್ಣದವಳು ಆಗಿದ್ದರು.

ಮಾಲೀಕ ಯಾವತ್ತೂ ಗಟ್ಟಿಯಾಗಿ ಮಾತಾಡಿದವನಲ್ಲ. ಹೊಸಬ ಬಂದ ಮರುವಾರದಿಂದ ಇನ್ನೂ ಮೆಲ್ಲಗೆ ಮಾತಾಡತೊಡಗಿದ. ಅವಳಿಗೆ ಭಯ ಹುಟ್ಟಿದ್ದೇ ಆಗ.

ಕಾರಣ ಹೇಳಿದ್ದು ಸ್ವಾಗತದ ಮೇಜಿನ ಅಕ್ಕ. ಎಂದೋ ಇಲ್ಲಿಯ ಪೌರತ್ವ ಪಡೆದ ಅವಳಿಗೆ ಎಲ್ಲರ ಸುದ್ದಿಯೂ ಗೊತ್ತು, ಯಾರ ಭಯವೂ ಇಲ್ಲ.

"ಹೊಸ ರೂಲ್ ಬಂದಿದೆ ಕಣ್ರೇ," ಎಂದಳು ಊಟದ ಡಬ್ಬಿ ಬಿಚ್ಚುತ್ತಾ. "ಸಣ್ಣ ಸಂಸ್ಥೆಗಳು ಹೊರದೇಶದವರನ್ನ ಒಬ್ಬರನ್ನೇ ಇಟ್ಕೋಬಹುದಂತೆ."

ಬಣ್ಣದವಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಒಳ್ಳೇದೇ ಆಯ್ತು ಬಿಡಿ," ಎಂದ ಅಚ್ಚಿನವನು.

"ಏನು ಒಳ್ಳೇದು?"

"ಕಡಿಮೆ ಜನ ಬರಲಿ. ಆದ್ರೆ ಬಂದವರ ವೀಸಾ ಅವರ ಜೇಬಲ್ಲಿರಲಿ, ಮಾಲೀಕನ ಡ್ರಾಯರಲ್ಲಿ ಅಲ್ಲ. ಅಲ್ಲಿರೋದಕ್ಕೇ ಇಲ್ಲಿ ಯಾರೂ ಬಾಯಿ ಬಿಡಲ್ಲ."

"ಹತ್ತಿದ ಮೇಲೆ ಏಣಿ ಒದೆಯೋದು ಸುಲಭ! ಮೊನ್ನೆ ಬಂದವರು ನೀವು. ನನಗೆ ಇಲ್ಲಿ ಆರು ವರ್ಷ ಆಯ್ತು."

"ಆರು ವರ್ಷದಿಂದ ಹೆದರ್ತಾನೇ ಇದ್ದೀರಲ್ಲ, ಅದನ್ನೇ ಹೇಳ್ತಿರೋದು ನಾನು. ಅಲ್ಲಿ ಊರಲ್ಲಿ ನಮ್ಮವರ ಕಣ್ಣಿನ ಗುಳಿಯೊಳಗೆ ರೆಡಿಮೇಡ್ ಗೋಲಿ ತುರುಕಿ ಕಳಿಸ್ತಾರೆ. ಬಣ್ಣ ಬರೆಯೋ ಕೈ ಇಲ್ಲಿ ಕೂತು ನಡುಗ್ತಿದೆ."

"ಅಲ್ಲಿ ಈ ಕೈಗೆ ಏನು ಕೆಲಸ ಕೊಟ್ರು ಗೊತ್ತಾ? ಅಂಗಡಿ ಬೋರ್ಡ್ ಬರಿ ಅಂದ್ರು! ಮನುಷ್ಯರ ಕಣ್ಣು ಬರೆಯೋಕೆ ಬಿಟ್ಟಿದ್ದು ಈ ಜಾಗ ಒಂದೇ. ಭಾಷಣ ನಿಮಗಿರಲಿ, ನನಗೆ ಈ ಕುರ್ಚಿ ಬೇಕು."

"ಅಯ್ಯೋ, ಉಣ್ಣಿ ಮೊದಲು!" ಎಂದಳು ಅಕ್ಕ. "ಕಾನೂನು ಮಾಡೋರು ನಿಮ್ಮಿಬ್ಬರ ಒಪ್ಪಿಗೆಗೆ ಕಾಯ್ತಾ ಕೂತಿದ್ದಾರಾ?"

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಎದುರುಬದುರು ಮೇಜುಗಳು. ತಲೆ ಎತ್ತಿದರೆ ಅವನು ಕಾಣುತ್ತಿದ್ದ, ಆದ್ದರಿಂದ ಅವಳು ತಲೆ ಎತ್ತದಿರಲು ಕಲಿತಳು. ಆದರೂ... ಯಾವಾಗಲೋ ಎತ್ತುತ್ತಿದ್ದಳು. ಹೊಳಪು ಕೊಡುವ ಅವನ ಚಕ್ರ ನಿಂತರೆ ಸಾಕು, ಇವಳ ಕುಂಚವೂ ನಿಲ್ಲುತ್ತಿತ್ತು.

'ಇವನು ನನ್ನ ಅನ್ನ ಕಿತ್ತುಕೊಳ್ಳಲು ಬಂದವನು,' ಎಂದು ಮನಸ್ಸಿಗೆ ಬುದ್ಧಿ ಹೇಳುತ್ತಿದ್ದಳು. ಮನಸ್ಸು ಹೂಂಗುಡುತ್ತಿತ್ತು. ಕಣ್ಣು ಮಾತ್ರ ಮಾತು ಕೇಳುತ್ತಿರಲಿಲ್ಲ.

ಒಂದು ದಿನ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಉಳಿದಿದ್ದ ಅವರ ಎಡಗಣ್ಣು ಜೇನಿನ ಬಣ್ಣದ್ದು. ಕಿಟಕಿಯ ಬೆಳಕಿನಲ್ಲಿ ಅವರನ್ನು ಕೂರಿಸಿ ಅವಳು ಮೊದಲ ಲೇಪ ಬರೆದಳು. ಅಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿ, ನಾಳೆ ಬರುತ್ತೇನೆಂದು ಹೊರಟರು.

ಕಣ್ಣು ಬರೆಯುವವರಿಗೆ ಒಂದು ಕಟ್ಟಳೆಯಿದೆ. ಎದುರಿಗೆ ಆ ಜೀವಂತ ಕಣ್ಣು ಇಲ್ಲದೆ ಕುಂಚ ಹಿಡಿಯಬಾರದು. ನೆನಪಿನಿಂದ ಬರೆದರೆ ಕೈ ತನಗೆ ಬೇಕಾದ್ದನ್ನು ಬರೆಯುತ್ತದೆ.

ಆದರೆ ಮಾಲೀಕ ಹಿಂದೆ ಬಂದು ನಿಂತ. "ಇವತ್ತೇ ಮುಗಿಯುತ್ತದೆ ತಾನೇ?" ಎಂದ, ಅಷ್ಟೇ ಮೆಲ್ಲಗೆ.

ಅವಳು ಉಳಿದ ಲೇಪಗಳನ್ನು ನೆನಪಿನಿಂದ ಬರೆದಳು. ಎದುರು ಕುರ್ಚಿಯಲ್ಲಿ ಅವನು ಕೂತಿದ್ದ.

ಮರುದಿನ ಶಿಕ್ಷಕಿ ಬಂದು ಹೊಸ ಕಣ್ಣು ಹಾಕಿಕೊಂಡು ಕನ್ನಡಿ ನೋಡಿದರು. ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು.

"ಚೆನ್ನಾಗಿದೆ ಮಗಳೇ... ಆದರೆ ಇದು ನನ್ನದಲ್ಲ."

ಮಾಲೀಕ ಆ ಕಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ತನ್ನ ಗಾಜಿನ ಕೋಣೆಗೆ ಹೋದ. ಮೊದಲು ಅಚ್ಚಿನವನನ್ನು ಕರೆದ.

ಗಾಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ. ತುಟಿಗಳು ಆಡುತ್ತಿದ್ದುದು ಮಾತ್ರ ಕಾಣುತ್ತಿತ್ತು. ಒಮ್ಮೆ ಅಚ್ಚಿನವನು ಕೈಯೆತ್ತಿ ಅವಳ ಮೇಜನ್ನು ತೋರಿಸಿದ.

'ತಪ್ಪು ನನ್ನದೆಂದು ಹೇಳಿಬಿಟ್ಟ...!'

ಹೊರಬಂದವನು ಅವಳತ್ತ ನೋಡದೆ ನೇರ ಹಿಂಬಾಗಿಲಿಗೆ ನಡೆದ.

"ಕುಳಿತುಕೊಳ್ಳಿ," ಎಂದ ಮಾಲೀಕ ಅವಳಿಗೆ, ಆ ದೇಶದ ನಯವಾದ ಭಾಷೆಯಲ್ಲಿ. "ಪಾರದರ್ಶಕ ಪದರ ಹೆಚ್ಚು ಬೆಂದರೆ ಬಣ್ಣ ಕಪ್ಪಾಗುತ್ತದೆ, ಅಲ್ಲವೇ?"

"ಆಗಬಹುದು..."

"ಹಾಗಾದರೆ ನಿಮ್ಮ ಬಣ್ಣ ಸರಿಯಾಗಿತ್ತು, ಬೇಯಿಸುವಾಗ ಕೆಟ್ಟಿತು ಎಂದು ಬರೆದು ಸಹಿ ಹಾಕಿ. ಒಬ್ಬರನ್ನು ಕಳಿಸಲೇಬೇಕು. ದೋಷವೊಂದು ಇದ್ದರೆ ನನಗೂ ಸುಲಭ. ನಿಮ್ಮ ಪರವಾನಗಿ ಭದ್ರವಾಗಿರುತ್ತದೆ."

ಪೆನ್ನು ಅವಳ ಬೆರಳಿಗೆ ಬಂದಿತ್ತು. ಒಂದು ಸಹಿ. ಅವಳ ಕುರ್ಚಿ ಅವಳಿಗೆ ಉಳಿಯುತ್ತದೆ. ಅವನಿಗೆ ಎಲ್ಲ ಬಾಗಿಲೂ ಮುಚ್ಚುತ್ತದೆ. ಅವನು ತನಗೆ ಮಾಡಿದ್ದೂ ಅದನ್ನೇ ಅಲ್ಲವೇ?

ತಟ್ಟೆಯಲ್ಲಿದ್ದ ಕಣ್ಣು ಅವಳನ್ನೇ ನೋಡುತ್ತಿತ್ತು.

ಕಂದು. ಅಂಚಿಗೆ ಉಂಗುರ. ಹಸಿರಿಗೆ ತಿರುಗಿದ ಕಪ್ಪು...

ಅವಳು ತಟ್ಟೆಯತ್ತ ಬಾಗಿದಳು. ಬೆಂದು ಕಪ್ಪಾದ ಬಣ್ಣವಾಗಿರಲಿಲ್ಲ ಅದು. ಒಂದೊಂದು ಗೆರೆಯನ್ನೂ ಅವಳೇ, ಅಷ್ಟು ಜೋಪಾನವಾಗಿ, ಬರೆದಿದ್ದಳು.

ಪೆನ್ನು ಕೆಳಗಿಟ್ಟಳು.

"ತಪ್ಪು ನನ್ನದು ಸರ್. ನೆನಪಿನಿಂದ ಬರೆದೆ."

ಮಾಲೀಕನ ಮುಖದ ನಗು ಮಾಸಿತು. "ಈಗ ತಾನೇ ಅವನು ಹೇಳಿ ಹೋದ. ಆ ಮೇಜಿನವಳ ಕೈಯಲ್ಲಿ ತಪ್ಪಿಲ್ಲ, ಬೇಯಿಸಿ ಕೆಡಿಸಿದವನು ತಾನೇ ಅಂತ. ಒಂದು ಕಣ್ಣಿಗೆ ಇಬ್ಬರು ತಪ್ಪಿತಸ್ಥರು! ಯಾವ ಅಧಿಕಾರಿಗೆ ಇದನ್ನು ಕಳಿಸಲಿ ನಾನು?"

ಮಾಲೀಕ ಹಾಳೆಯನ್ನು ಹಿಂದಕ್ಕೆಳೆದುಕೊಂಡ.

"ದೋಷ ಬರೆಯುವುದಿಲ್ಲ. ಆದರೆ ಯಾರು ಹೋಗುತ್ತೀರಿ ಎಂದು ನಾಳೆ ಬೆಳಗ್ಗೆ ನೀವಿಬ್ಬರೇ ಹೇಳಬೇಕು."

ಹಿಂಬದಿಯ ಕಬ್ಬಿಣದ ಮೆಟ್ಟಿಲ ಮೇಲೆ ಅವನು ಕೂತಿದ್ದ. ಬೀದಿಯ ಗೋಡೆಗಳ ಮೇಲೆ ಸಂಜೆ ಕಪ್ಪಾಗಿ ಇಳಿಯುತ್ತಿತ್ತು.

"ಯಾಕೆ ಸುಳ್ಳು ಹೇಳಿದ್ರಿ?" ಎಂದಳು ಅವಳು. "ನೀವು ಬೇಯಿಸಿದ್ದು ಒಂದೂ ಕೆಟ್ಟಿಲ್ಲ."

"ಪೂರ್ತಿ ಸುಳ್ಳಲ್ಲ." ಅವನು ತಲೆ ಎತ್ತಲಿಲ್ಲ. "ಹೊಳಪು ಕೊಡುವಾಗಲೇ ಗೊತ್ತಾಗಿತ್ತು. ದಿನಾ ಗಡ್ಡ ಹೆರೆಯುವಾಗ ಕನ್ನಡೀಲಿ ನೋಡೋ ಕಣ್ಣು ಅದು."

ಅವಳ ಮುಖ ಬಿಸಿಯಾಯಿತು. "ಗೊತ್ತಿದ್ದೂ... ಹೇಳಲಿಲ್ಲ?"

"ಹೇಳಿದ್ರೆ ತಿದ್ದಿಬಿಡ್ತಿದ್ರಿ."

ಅವಳು ಅವನಿಂದ ಒಂದು ಮೆಟ್ಟಿಲು ಕೆಳಗೆ ಕುಸಿದು ಕೂತಳು. ಅಳು ಬರುತ್ತಿತ್ತೋ ನಗುವೋ, ಅವಳಿಗೇ ತಿಳಿಯಲಿಲ್ಲ.

"ನಾನು ಸಹಿ ಹಾಕೋಕೆ ಹೋಗಿದ್ದೆ, ಗೊತ್ತಾ? ನಿಮ್ಮ ತಲೆ ಮೇಲೆ... ಪೆನ್ನೂ ಹಿಡಿದಿದ್ದೆ."

"ಹಾಕಲಿಲ್ಲವಲ್ಲ."

"ಹಾಕಿದ್ದಿದ್ರೆ?"

ಅವನು ಅವಳತ್ತ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಯಾರು ಹೋಗುವುದೆಂದು ನಾಳೆ ತಾವೇ ಹೇಳಬೇಕೆಂಬ ಮಾಲೀಕನ ಮಾತನ್ನು ಅವನಿಗೆ ತಿಳಿಸಿದಳು.

"ನಾಳೆ ನನ್ನ ಹೆಸರು ಹೇಳಿ," ಎಂದ ಕೊನೆಗೆ. "ನಿಮಗೆ ಈ ಕುರ್ಚಿ ಬೇಕು. ನಾನು ಊರಿಗೆ ಹೋಗಿ ಏನಾದ್ರೂ ನೋಡ್ಕೋತೀನಿ."

"ಕುರ್ಚಿ ಬೇಕು." ಅವಳು ಕಣ್ಣೊರೆಸಿಕೊಂಡಳು. "ಎದುರು ಕುರ್ಚಿ ಮತ್ತೆ ಖಾಲಿ ಆಗೋದು ಬೇಡ."

"ಅದು ರೂಲ್. ನಾನು ನೀವು ವಾದ ಮಾಡಿದ್ರೆ ಬದಲಾಗಲ್ಲ."

"ಇನ್ನೊಂದು ರೂಲೂ ಇದೆ. ಪರವಾನಗಿ ಇರೋ ಹೆಂಡತಿ ಜೊತೆ ಗಂಡ ಇರಬಹುದು. ದುಡಿಯೋ ಹಾಗಿಲ್ಲ ಅಷ್ಟೇ."

ಆಡಿದ ಮೇಲೆ ತಾನೇನು ಆಡಿದೆನೆಂದು ಅವಳಿಗೆ ಹೊಳೆಯಿತು. ಕಿವಿಯವರೆಗೂ ಕೆಂಪಾದಳು.

ಅವನು ಮೊದಲ ಬಾರಿ ನಕ್ಕ. "ಮನೆ ಅಳಿಯ ಕೇಳಿದ್ದೀನಿ. ವೀಸಾ ಅಳಿಯ ಅಂದ್ರೆ ನಾನೇ ಮೊದಲು ಇರಬೇಕು!"

"ತಮಾಷೆ ಅಲ್ಲ. ಕೆಲಸ ಇಲ್ಲದೆ ಈ ಕೈ ಕಟ್ಟಿ ಕೂರ್ತೀರಾ?"

ನಗು ನಿಂತಿತು. ಅಚ್ಚಿನ ಪುಡಿ ಮೆತ್ತಿಕೊಂಡ ಅಂಗೈಗಳನ್ನು ಅವನು ನೋಡಿಕೊಂಡ. "ಕಷ್ಟ. ಸುಳ್ಳು ಹೇಳಲ್ಲ. ಬೇರೆ ಕಡೆ ಕೆಲಸ ಸಿಗೋವರೆಗೆ... ಕೂರ್ತೀನಿ. ನೀನು ಸಂಜೆ ಬರ್ತೀಯ ಅಂದ್ರೆ ಕೂರ್ತೀನಿ."

ನೀನು. ಅವಳು ಆ ಪದವನ್ನು ಒಳಗೇ ಮತ್ತೊಮ್ಮೆ ಕೇಳಿಸಿಕೊಂಡಳು.

ಮೇಲೆ ಗಾಜಿನ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು. ಕಿಟಕಿಯಲ್ಲಿ ಮಾಲೀಕನ ನೆರಳು ನಿಂತು, ಅವರಿಬ್ಬರನ್ನು ನೋಡಿ, ಸರಿಯಿತು. ನಾಳೆಯಿಂದ ಒಂದೇ ಪರವಾನಗಿಯ ಮೇಲೆ ಎರಡು ಜೀವ ನಿಲ್ಲುತ್ತವೆ. ಅದು ಹರಿಯುವ ದಿನ ಇಬ್ಬರೂ ಒಟ್ಟಿಗೇ ಬೀಳುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು.

"ನನಗೆ ಹೆದರಿಕೆ ಆಗ್ತಿದೆ," ಎಂದಳು ಅವಳು ಮೆಲ್ಲಗೆ.

"ನನಗೂ." ಅವನು ಎದ್ದು ಕೈ ಚಾಚಿದ. "ಚಳಿ ಆಗ್ತಿದೆ, ಬಾ."

ಅವಳು ಆ ಕೈ ಹಿಡಿದುಕೊಂಡಳು.

"ನಡಿ... ಬರ್ತೀನಿ."